ದಾಕ್ಷಿಣ್ಯವೂ ಸ್ವಭಾವಮಾಪನದ ಪ್ರಶ್ನಾವಳಿಯೂ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೊದಲಾಯಿತು. ಬಳಿಕ ಧಾರವಾಡದಲ್ಲಿ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ, 1940ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬುದ್ಧಿಪರೀಕ್ಷೆಯಲ್ಲಿ ಉತ್ತರವು ಸರಿಯೋ ತಪ್ಪೋ ಆಗಿರುತ್ತದೆ. ಭಾಷಾಂತರಕಾರನಿಗೆ ಅದೊಂದು ಆಸರೆ. ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಗೆ ಈ ಆಸರೆಯಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗಾಗಿ ವುಡ್‌ವರ್ತನು ರಚಿಸಿದ ಪಟ್ಟಿಯಿಂದ ಹಿಡಿದು, 1988ರಲ್ಲಿ ಹೊರೊವಿಟ್ಸ್ ಮೊದಲಾದವರು ಪ್ರಕಟಿಸಿದ, ಪರಸ್ಪರ ವ್ಯವಹಾರದ ತೊಡಕುಗಳನ್ನು ಕುರಿತ 127 ವಾಕ್ಯಗಳ ಪಟ್ಟಿಯವರೆಗೆ, ಮನುಷ್ಯನು ತನ್ನ ವಿಷಯವಾಗಿ ತಾನೇ ಆಡಿದ ಮಾತೇ ಪ್ರಮಾಣ.

ಕನ್ನಡದ ಕಷ್ಟವಿರುವುದು ಇಲ್ಲಿಯೇ. ಹೊರೊವಿಟ್ಸರ ಪಟ್ಟಿಯಲ್ಲಿ ಪರರಿಗೆ 'ಇಲ್ಲ' ಎನ್ನಲಾರದಿರುವುದೂ ಒಂದು ತೊಡಕು. ನಮ್ಮಲ್ಲಿ ಅದಕ್ಕೆ ದಾಕ್ಷಿಣ್ಯವೆಂದು ಹೆಸರು. ಸಂಸ್ಕೃತದಲ್ಲಿ ಅದು ಸದ್ಗುಣ. 'ದಾಕ್ಷಿಣ್ಯಕ್ಕೆ ಕಟ್ಟುಬಿದ್ದೆ' ಎಂಬ ಆಡುಮಾತಿನಲ್ಲಿಯಾದರೋ ಪೇಚಾಟ. ತೀರ್ಥಹಳ್ಳಿ ಸೀಮೆಯಲ್ಲಿ, ಅರಳಸುರಳಿಯ ಕಡೆಯ ಅಡಕೆ ತೋಟದ ಮನೆಯಲ್ಲಿ, ಹಿರಿಯರಿಗೆ ಎದುರಾಡದ ಸೊಸೆಯೊಬ್ಬಳು ಈ ವಾಕ್ಯಕ್ಕೆ ಹೌದೆಂದಳೆನ್ನೋಣ. ಅವಳು ಹೇಳಿದ್ದು ಮರ್ಯಾದೆಯನ್ನೋ, ಸಂಕಟವನ್ನೋ? ಅಂಕವು ಎರಡಕ್ಕೂ ಒಂದೇ. ಮರ್ಯಾದೆಯೆಂದೇ ತೀರ್ಮಾನಿಸಿಬಿಡುವುದೂ ಅನ್ಯಾಯ. ಆ ಹೆಸರಿನ ಮರೆಯಲ್ಲಿ ನುಂಗಿಕೊಂಡ ನೋವು ಅಲ್ಪವಲ್ಲ. ದಾಕ್ಷಿಣ್ಯ, ಸಂಕೋಚ, ಅಂಜಿಕೆ ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳದ ಭಾಷಾಂತರವನ್ನು ಮಾಪನವೆನ್ನಲು ನಾನು ಒಪ್ಪಲಾರೆ.