ಒಣಗಿದ ಹೀರೆಯ ಕಥೆ

ಹೀರೇಕಾಯಿಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ ಎಂಬುದು ನಮ್ಮ ಅಡುಗೆಮನೆಗಳಿಗೆ ಹೊಸತಲ್ಲ. ಇದೇ ಕಾಯಿಗೆ ಹಿಂದೆ ಬಚ್ಚಲುಮನೆಯಲ್ಲೂ ಜಾಗವಿತ್ತು. ಕೊಯ್ಯದೆ ಬಳ್ಳಿಯಲ್ಲೇ ಒಣಗಲು ಬಿಟ್ಟ ಕಾಯಿಯ ನಾರಿನಿಂದ ಮೈ ಉಜ್ಜುತ್ತಿದ್ದರು, ಪಾತ್ರೆ ತಿಕ್ಕುತ್ತಿದ್ದರು. ಕೊಡವಿದಾಗ ಉದುರುವ ಬೀಜ ಮುಂದಿನ ಬಿತ್ತನೆಗೆ. ಒಂದೇ ಒಣಕಾಯಿಯಿಂದ ಮನೆಗೆ ನಾರು, ಹಿತ್ತಲಿಗೆ ಬೀಜ.

ಹೀರೆಯಲ್ಲಿ ಮುಖ್ಯವಾಗಿ ಎರಡು ಬಗೆ. ಏಣುಗಳಿರುವುದು ಹೀರೇಕಾಯಿ, ನುಣುಪಾಗಿರುವುದು ತುಪ್ಪದ ಹೀರೇಕಾಯಿ. ಮೊದಲನೆಯದರ ಹೂವು ಸಂಜೆ ಅರಳಿದರೆ, ಎರಡನೆಯದರದು ಬೆಳಗಿನ ಜಾವ. ಉತ್ತಮ ನಾರು ಸಿಗುವುದು ತುಪ್ಪದ ಹೀರೆಯಿಂದ. ಹೀರೆಯ ತವರು ಭಾರತವೆಂದು ಹೇಳಲಾಗುತ್ತದೆ. ಆದರೆ ಅದರ ಕುಲನಾಮ 'ಲೂಫಾ' ಬಂದಿರುವುದು ಅರಬ್ಬಿಯಿಂದ. ತುಪ್ಪದ ಹೀರೆಯ ಶಾಸ್ತ್ರೀಯ ಹೆಸರಿನಲ್ಲಂತೂ ಈಜಿಪ್ಟ್ ಸೇರಿಕೊಂಡಿದೆ. ಎರಡನೇ ಮಹಾಯುದ್ಧಕ್ಕೆ ಮೊದಲು ಜಪಾನ್ ಈ ನಾರನ್ನು ಅಮೆರಿಕಕ್ಕೆ ಕಳುಹಿಸುತ್ತಿತ್ತು. ಅಲ್ಲಿ ಹಡಗಿನ ಎಂಜಿನ್‌ಗಳ ಸೋಸುಕಕ್ಕೂ ಅದು ಬಳಕೆಯಾಯಿತು.

ಈ ಬಳ್ಳಿಯ ಇತ್ತೀಚಿನ ಅಧ್ಯಾಯಕ್ಕೆ ಬೆಂಗಳೂರಿನ ಉತ್ತರ ಭಾಗದ ನಂಟಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆಂದು 30 ಎಕರೆ ಭೂಮಿ ನೀಡಿದರು. ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಯಲಹಂಕದಾಚೆಯ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾದದ್ದು 1967ರಲ್ಲಿ. 'ಅರ್ಕಾ ಸುಮೀತ್', 'ಅರ್ಕಾ ಸುಜಾತ್', 'ಅರ್ಕಾ ಪ್ರಸನ್' ಎಂಬ ಹೀರೆ ತಳಿಗಳು ಇಲ್ಲಿನ ಕೊಡುಗೆ. 'ಅರ್ಕಾ ವಿಕ್ರಂ' ಮಾತ್ರ ಹೈಬ್ರಿಡ್.

ಮನೆಯಲ್ಲಿ ಬೀಜ ಉಳಿಸುವವರಿಗೆ ಈ ವ್ಯತ್ಯಾಸ ಮುಖ್ಯ. ಹೈಬ್ರಿಡ್ ಕಾಯಿಯ ಬೀಜ ಬಿತ್ತಿದರೆ ಮರಿಬಳ್ಳಿಗಳು ತಾಯಿಯಂತೆಯೇ ಇರುವುದಿಲ್ಲ. ಪ್ರತಿ ಸಲ ಹೊಸ ಪೊಟ್ಟಣ ಕೊಳ್ಳಬೇಕು. ಉಳಿದ ತಳಿಗಳಿಗೆ ಆ ಹಂಗಿಲ್ಲ. ಆದರೆ ಅಕ್ಕಪಕ್ಕದಲ್ಲಿ ಬೇರೆ ಹೀರೆ ಇದ್ದರೆ ದುಂಬಿ, ಪತಂಗಗಳು ಪರಾಗ ಬೆರೆಸಿಬಿಡುತ್ತವೆ. ಬೀಜಕ್ಕೆಂದು ಆರಿಸಿದ ಹೆಣ್ಣುಮೊಗ್ಗಿಗೆ ಹಿಂದಿನ ದಿನವೇ ಕಾಗದದ ಚೀಲ ಕಟ್ಟಿ, ಅರಳಿದಾಗ ಅದೇ ತಳಿಯ ಗಂಡು ಹೂವನ್ನು ಕೈಯಿಂದಲೇ ತಾಗಿಸಿ ಮತ್ತೆ ಕಟ್ಟಬೇಕು.

ಬೇಸಾಯವೇನೂ ಕಷ್ಟವಲ್ಲ. ಜೂನ್–ಜುಲೈ ಅಥವಾ ಜನವರಿ–ಫೆಬ್ರವರಿಯಲ್ಲಿ, ರಾತ್ರಿಯಿಡೀ ನೆನೆಸಿದ ಬೀಜವನ್ನು ಗೊಬ್ಬರ ಬೆರೆಸಿದ ಪಾತಿಯಲ್ಲೋ ದೊಡ್ಡ ಕುಂಡದಲ್ಲೋ ಊರಿದರೆ ಸಾಕು. ಬಿಸಿಲು, ನೀರು ಬಸಿದು ಹೋಗುವ ಮಣ್ಣು, ಹಬ್ಬಲು ಚಪ್ಪರ ಇರಬೇಕು. ಮೊದಮೊದಲು ಗಂಡು ಹೂಗಳೇ ಬಂದು ಉದುರಿದರೆ ಗಾಬರಿ ಬೇಡ. ಬುಡದಲ್ಲಿ ಪುಟ್ಟ ಹೀಚು ಇರುವ ಹೆಣ್ಣು ಹೂ ಆಮೇಲೆ ಬರುತ್ತದೆ. ಹಣ್ಣುನೊಣ ಚುಚ್ಚಿ ಕೊಳೆತ ಹೀಚುಗಳನ್ನು ಆಗಿಂದಾಗ್ಗೆ ಕಿತ್ತು ನಾಶಮಾಡಬೇಕು. ಕಹಿ ಕಾಯಿಯನ್ನು ತಿನ್ನಬಾರದು, ಅದರ ಬೀಜವನ್ನೂ ಇಡಬಾರದು.

ಬೇಲಿ, ಹಿತ್ತಲುಗಳಿದ್ದ ಕಡೆ ಈಗ ಬಡಾವಣೆಗಳು ಎದ್ದಿವೆ. ಎಳೆಯ ಕಾಯಿಯೇನೋ ಮಾರುಕಟ್ಟೆಯಲ್ಲಿ ವರ್ಷವಿಡೀ ಸಿಗುತ್ತದೆ, ಆದರೆ ಎಳೆಯ ಕಾಯಿಯಲ್ಲಿ ಮೊಳೆಯುವ ಬೀಜವಿರುವುದಿಲ್ಲ. ತಾರಸಿಯಲ್ಲಿ ಒಂದು ಬಳ್ಳಿ ಹಬ್ಬಿಸಿದವರು ಚೆನ್ನಾಗಿ ಬೆಳೆದ ಒಂದು ಕಾಯನ್ನಾದರೂ ಒಣಗಲು ಬಿಡುವುದು ಒಳ್ಳೆಯದು.