ಉಳುಕಿದ ಕಾಲಿಗೆ ಯಾವ ವ್ಯಾಯಾಮ? ವಿಡಿಯೊ ನೋಡಿ ಶುರು ಮಾಡುವ ಮುನ್ನ ಇದನ್ನು ಓದಿ

ಮನೆಯಲ್ಲಿ ಯಾರದಾದರೂ ಕಾಲು ಉಳುಕಿದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಬಗೆಯ ಸಲಹೆ ಬರುತ್ತವೆ. ಒಂದು, ‘ತಿಂಗಳುಗಟ್ಟಲೆ ಕಾಲು ಊರಲೇಬೇಡಿ’. ಇನ್ನೊಂದು, ‘ಈ 5 ವ್ಯಾಯಾಮ ಮಾಡಿ, 3 ದಿನದಲ್ಲಿ ಓಡಾಡಿ’ ಎನ್ನುವ ವಿಡಿಯೊ. ಇವೆರಡರಲ್ಲಿ ಯಾವುದು ಸರಿ?

ಎರಡೂ ಅಲ್ಲ. ವಿಡಿಯೊದಲ್ಲಿರುವ ವ್ಯಾಯಾಮ ಒಳ್ಳೆಯದೇ ಇರಬಹುದು. ಆದರೆ ಮೂರನೇ ವಾರಕ್ಕೆ ಸರಿಹೊಂದುವುದನ್ನು ಮೂರನೇ ದಿನ ಮಾಡಿದರೆ ಪೆಟ್ಟು ಹೆಚ್ಚುತ್ತದೆ. ವ್ಯಾಯಾಮವನ್ನು ಆರಿಸಬೇಕಾದದ್ದು ಪೆಟ್ಟಿನ ಹೆಸರು ನೋಡಿ ಅಲ್ಲ, ಕಾಲು ಇವತ್ತು ಯಾವ ಹಂತದಲ್ಲಿದೆ ಎಂದು ನೋಡಿ.

ಕಲಘಟಗಿ ತಾಲ್ಲೂಕಿನ ತಂಬೂರಿನಂಥ ಊರಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಮಳೆಗಾಲದಲ್ಲಿ ಗದ್ದೆಯ ಬದು ಜಾರುತ್ತದೆ. ತಿಂಗಳು ಮಲಗಿದರೆ ತಿಂಗಳ ಕೂಲಿ ಹೋಯಿತು. ಆತುರಪಟ್ಟು ಗದ್ದೆಗಿಳಿದರೆ ಅದೇ ಕಾಲು ಮತ್ತೆ ಉಳುಕೀತು.

ಮೊದಲು: ಮೂಳೆ ಮುರಿದಿದೆಯೇ?

ಇದನ್ನು ಅಂದಾಜಿಸಲು ವೈದ್ಯರು ಬಳಸುವ ಒಂದು ಸರಳ ಪರೀಕ್ಷೆ 1992ರಲ್ಲಿ ಕೆನಡಾದ ಒಟ್ಟಾವದಿಂದ ಬಂತು. ಪೆಟ್ಟಾದಾಗಲೂ ಈಗಲೂ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಹಿಂಬಡಿಗೆ ಮೇಲಿನ ಎರಡು ಗುಬುಟುಗಳ ತುದಿ ಅಥವಾ ಹಿಂಬದಿಯ ಮೂಳೆ ಒತ್ತಿದಾಗ ನೋವಾದರೆ, ಪಾದದ ನಡುಭಾಗದ ಮೂಳೆ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಕಾಲು ಸೊಟ್ಟಗೆ ಕಂಡರೆ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂಳೆ ಮುರಿದಿದ್ದರೆ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ ಕೆಳಗಿನ ಹಂತಗಳು ನಿಮಗಲ್ಲ. ಕಾಲಿನ ಮೇಲೆ ಯಾವಾಗ ಎಷ್ಟು ಭಾರ ಹಾಕಬೇಕೆಂದು ವೈದ್ಯರೇ ಹೇಳಬೇಕು.

‘ಉಳುಕು ತೆಗೆಸಿದರೆ’ ಸರಿಹೋಗುತ್ತದೆಯೇ?

ಸಾಮಾನ್ಯ ಉಳುಕಿನಲ್ಲಿ ಯಾವ ಮೂಳೆಯೂ ಜಾಗ ಬಿಟ್ಟಿರುವುದಿಲ್ಲ, ಹಾಗಾಗಿ ಎಳೆದು ಕೂರಿಸಲು ಏನೂ ಇರುವುದಿಲ್ಲ. ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಎಂಬ ಪಟ್ಟಿಗಳು, ಹೆಚ್ಚಾಗಿ ಹೊರಬದಿಯವು, ಹಿಗ್ಗಿರುತ್ತವೆ ಅಥವಾ ಹರಿದಿರುತ್ತವೆ. ಹೊಸ ಪೆಟ್ಟನ್ನು ಬಲವಾಗಿ ತಿಕ್ಕಿದರೆ, ಎಳೆದರೆ ಒಳಗಿನ ರಕ್ತಸ್ರಾವ ಮತ್ತು ಬಾವು ಹೆಚ್ಚಬಹುದು.

ಹಾಗಾದರೆ ಪೂರ್ತಿ ವಿಶ್ರಾಂತಿ? 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ವಿಶ್ರಾಂತಿ, ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲು ಎತ್ತರಿಸುವುದು ಎಂಬ ನಾಲ್ಕು ಸೂತ್ರ ಕೊಟ್ಟರು. ಪೂರ್ತಿ ವಿಶ್ರಾಂತಿ ಮತ್ತು ಮಂಜುಗಡ್ಡೆ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಬರೆದರು. ಹದವಾದ ಭಾರ ಬಿದ್ದರೆ ಹೊಸ ಎಳೆಗಳು ಸರಿಯಾದ ದಿಕ್ಕಿನಲ್ಲಿ ಬೆಳೆಯುತ್ತವೆ. ಅಲುಗಾಡದ ಕಾಲಿನಲ್ಲಿ ಸ್ನಾಯು ಸೊರಗಿ, ಕೀಲು ಬಿಗಿಯುತ್ತದೆ.

ಯಾವ ಹಂತಕ್ಕೆ ಯಾವ ವ್ಯಾಯಾಮ?

1. ಮೊದಲ 2–3 ದಿನ: ಕಾಲನ್ನು ದಿಂಬಿನ ಮೇಲಿಡಿ. ನೋವಿಗೆ ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10–15 ನಿಮಿಷ ಇಡಿ. ಬೆರಳುಗಳನ್ನು ಆಡಿಸುತ್ತಿರಿ. ತಾಳುವಷ್ಟು ಮಾತ್ರ ನಡೆಯಿರಿ, ಬೇಕಿದ್ದರೆ ಕೋಲು ಹಿಡಿಯಿರಿ.

2. ಬಾವು ಇಳಿಯತೊಡಗಿದಾಗ: ಪಾದವನ್ನು ಮೇಲೆ ಕೆಳಗೆ ಆಡಿಸಿ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ನಮ್ಮ ಅಕ್ಷರಗಳಲ್ಲಿ ಸುತ್ತು ಹೆಚ್ಚು, ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಪಾದದ ಹೊರಬದಿಯನ್ನು ಗೋಡೆಗೆ ಒತ್ತಿ 5 ಸೆಕೆಂಡ್ ಹಿಡಿಯಿರಿ.

3. ಕುಂಟದೆ ನಡೆಯಲು ಬಂದಾಗ: ಗೋಡೆ ಹಿಡಿದು ಎರಡೂ ಹಿಂಬಡಿ ಎತ್ತಿ ಇಳಿಸಿ, ಸುಲಭವಾದ ಮೇಲೆ ಒಂದೇ ಕಾಲಿನಲ್ಲಿ. ನಂತರ ಒಂಟಿ ಕಾಲಿನಲ್ಲಿ 30 ಸೆಕೆಂಡ್ ನಿಲ್ಲಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಉಳುಕಿದಾಗ ಕಾಲಿನ ಸಮತೋಲನದ ಅರಿವೂ ಕುಂದುತ್ತದೆ, ಅದನ್ನು ಮತ್ತೆ ಕಲಿಸದಿದ್ದರೆ ಮತ್ತೊಮ್ಮೆ ಉಳುಕುವ ಸಾಧ್ಯತೆ ಹೆಚ್ಚು.

4. ಕೊನೆಗೆ, ನಿಮ್ಮ ಕೆಲಸವೇ ವ್ಯಾಯಾಮ: ಕುಕ್ಕರಗಾಲಲ್ಲಿ ಕೂತು ಏಳುವುದು, ಉಬ್ಬು ತಗ್ಗಿನಲ್ಲಿ ನಡೆಯುವುದು, ಅರ್ಧ ಕೊಡ, ಆಮೇಲೆ ತುಂಬಿದ ಕೊಡ ಹೊರುವುದು. ಆಡುವವರಿಗೆ ಓಟ, ಜಿಗಿತ. ಸಸಿ ನೆಡಲು ಬಾಗುವವರ ಗುರಿ ಬೇರೆ, ವಾಲಿಬಾಲ್ ಆಡುವವರ ಗುರಿ ಬೇರೆ.

ಮುಂದಿನ ಹಂತಕ್ಕೆ ಯಾವಾಗ?

ಕ್ಯಾಲೆಂಡರ್ ನೋಡಬೇಡಿ, ಮರುದಿನದ ಬೆಳಗ್ಗೆ ನೋಡಿ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿಗೆ 3ರೊಳಗಿನ ನೋವಿದ್ದು, ಬೆಳಗಾಗುವಷ್ಟರಲ್ಲಿ ಇಳಿದಿದ್ದರೆ ಅಡ್ಡಿಯಿಲ್ಲ. ಬೆಳಗ್ಗೆ ನೋವು, ಬಾವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಎರಡು ಮೂರು ದಿನ ತೊಂದರೆಯಿಲ್ಲದೆ ಸಾಗಿದರೆ ಒಂದು ಮೆಟ್ಟಿಲು ಮೇಲೆ ಹೋಗಿ. ‘ನೋವಾದರೇನೇ ಗುಣ’ ಎಂಬ ಮಾತು ಇಲ್ಲಿ ಸುಳ್ಳು, ‘ಸ್ವಲ್ಪ ನೋವಾದರೂ ಅಪಾಯ’ ಎಂಬುದೂ ಸುಳ್ಳು.

ಈ ದಾರಿ ಎಲ್ಲರಿಗೂ ನೇರವಾಗಿರುವುದಿಲ್ಲ. ಕರ್ನಾಟಕದ ಕ್ರಿಕೆಟಿಗ ಕೆ.ಎಲ್. ರಾಹುಲ್ 2023ರ ಮೇ 1ರಂದು ಐಪಿಎಲ್ ಪಂದ್ಯದಲ್ಲಿ ತೊಡೆಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಜ್ಞರ ಕಣ್ಗಾವಲಿನಲ್ಲಿ ಅಭ್ಯಾಸ ಮಾಡಿದರು. ಆದರೂ ಸಣ್ಣ ನೋವೊಂದು ಕಾಣಿಸಿಕೊಂಡು ಏಷ್ಯಾ ಕಪ್‌ನ ಮೊದಲ ಎರಡು ಪಂದ್ಯ ತಪ್ಪಿದವು. ಆಮೇಲೆ ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ ಹೊಡೆದರು. ಅಷ್ಟೆಲ್ಲ ಸೌಕರ್ಯವಿದ್ದವರೂ ಒಂದು ಹೆಜ್ಜೆ ಹಿಂದೆ ಇಡಬೇಕಾಯಿತು.

ಸಹಾಯ ಎಲ್ಲಿ?

ಕೆಲವು ವಾರ ಕಳೆದರೂ ಕುಂಟು ಹೋಗದಿದ್ದರೆ, ಕಾಲು ಪದೇ ಪದೇ ಜಾರಿದಂತಾದರೆ ಫಿಸಿಯೋಥೆರಪಿಸ್ಟರನ್ನು ಕಾಣಿ. ಕಲಘಟಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ಮುಂದಕ್ಕೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಫಿಸಿಯೋಥೆರಪಿ ಕಾಲೇಜು ಇದೆ. ಪ್ರತಿದಿನ ಹೋಗಲು ಆಗದಿದ್ದರೆ ಒಂದೇ ಭೇಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಈಗ ಯಾವ ವ್ಯಾಯಾಮ, ಎಷ್ಟು ಸಲ, ಏನಾದರೆ ನಿಲ್ಲಿಸಬೇಕು? ಉತ್ತರವನ್ನು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ಕಾಲನ್ನು ನೋಡಿಯೇ ಹೇಳಿದ ಆ ಎರಡು ನಿಮಿಷದ ಮಾತು, ಯಾರದೋ ಕಾಲಿಗಾಗಿ ಮಾಡಿದ ವಿಡಿಯೊಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.