ಸಾಂವಿಧಾನಿಕ ನ್ಯಾಯ ಮತ್ತು ದ್ವೇಷ ಅಪರಾಧ ತಡೆ: ಅಂತರರಾಷ್ಟ್ರೀಯ ಸಹಕಾರದ ಇತಿಹಾಸ

ಶಾಸಕಾಂಗ ಮಾಡಿದ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ನ್ಯಾಯಾಲಯ ಪರಿಶೀಲಿಸಿ ತೀರ್ಮಾನಿಸುವ ವ್ಯವಸ್ಥೆಗೆ ಸಾಂವಿಧಾನಿಕ ನ್ಯಾಯ ಎಂದು ಹೆಸರು. ಜನಾಂಗ, ಧರ್ಮ, ಭಾಷೆ, ಲೈಂಗಿಕತೆ, ಅಂಗವೈಕಲ್ಯ ಮುಂತಾದ ಗುರುತಿನ ಮೇಲಿನ ಹಗೆಯಿಂದ ನಡೆಸಿದ ಶಿಕ್ಷಾರ್ಹ ಕೃತ್ಯವೇ ದ್ವೇಷ ಅಪರಾಧ. ಮೊದಲನೆಯದನ್ನು ಸಂವಿಧಾನ ನ್ಯಾಯಾಲಯಗಳೂ ಎರಡನೆಯದನ್ನು ಪೊಲೀಸರು ಹಾಗೂ ಕ್ರಿಮಿನಲ್ ನ್ಯಾಯಾಲಯಗಳೂ ನೋಡಿಕೊಳ್ಳುತ್ತವೆ. ಆದರೆ ಎರಡರ ಬೇರೂ ಒಂದೇ: ಸಂಖ್ಯೆಯಲ್ಲಿ ಕಡಿಮೆ ಇರುವವರಿಗೂ ಕಾನೂನಿನ ಸಮಾನ ರಕ್ಷಣೆ ಸಿಗಬೇಕು ಎಂಬ ತತ್ತ್ವ. ಇವುಗಳ ಸುತ್ತ ದೇಶಗಳ ನಡುವೆ ಬೆಳೆದ ಸಹಕಾರ ಯುರೋಪಿನಲ್ಲಿ ಹೆಚ್ಚು ಗಟ್ಟಿಯಾಗಿ ರೂಪುಗೊಂಡಿದೆ.

ಹಿನ್ನೆಲೆ

ಸಂವಿಧಾನದ ಪ್ರಶ್ನೆಗಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಇರಬೇಕೆಂಬ ಮಾದರಿ 1920ರ ಆಸ್ಟ್ರಿಯಾ ಸಂವಿಧಾನದಿಂದ ಹೆಸರು ಪಡೆಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖನಾದ ನ್ಯಾಯಶಾಸ್ತ್ರಜ್ಞ ಹಾನ್ಸ್ ಕೆಲ್ಸನ್ 1930ರವರೆಗೆ ಆ ನ್ಯಾಯಾಲಯದ ನ್ಯಾಯಾಧೀಶನೂ ಆಗಿದ್ದ. ಮುಂದೆ ಜರ್ಮನಿಯಲ್ಲಿ ಸಾಂವಿಧಾನಿಕ ದಾರಿಯಲ್ಲೇ ಅಧಿಕಾರಕ್ಕೆ ಬಂದ ನಾಜಿ ಆಡಳಿತ ಯಹೂದಿಗಳ ಹಕ್ಕುಗಳನ್ನು ಕಾನೂನಿನ ಮೂಲಕವೇ ಕಿತ್ತುಕೊಂಡಿತು. ಶಾಸಕಾಂಗದ ಬಹುಮತವೊಂದನ್ನೇ ನಂಬಿದರೆ ಸಾಲದು ಎಂಬುದು ಇದರಿಂದ ಮನದಟ್ಟಾಯಿತು. ಯುದ್ಧಾನಂತರ ಪಶ್ಚಿಮ ಜರ್ಮನಿಯ ಸಂವಿಧಾನ ನ್ಯಾಯಾಲಯ 1951ರಲ್ಲಿ ಕಾರ್ಲ್‌ಸ್ರೂಹೆ ನಗರದಲ್ಲೂ ಇಟಲಿಯದು 1956ರಲ್ಲಿ ರೋಮ್‌ನಲ್ಲೂ ಕೆಲಸ ಆರಂಭಿಸಿದವು. ಇಂಥ ನ್ಯಾಯಾಲಯಗಳ ಅಧ್ಯಕ್ಷರು 1972ರಲ್ಲಿ ಡುಬ್ರೊವ್ನಿಕ್‌ನಲ್ಲಿ ಸೇರಿ ಯುರೋಪಿಯನ್ ಸಂವಿಧಾನ ನ್ಯಾಯಾಲಯಗಳ ಸಮ್ಮೇಳನವನ್ನು ಹುಟ್ಟುಹಾಕಿದರು.

ವೆನಿಸ್ ಆಯೋಗ

ಬರ್ಲಿನ್ ಗೋಡೆ ಉರುಳಿದ ಮೇಲೆ ಪೂರ್ವ ಯುರೋಪಿನ ದೇಶಗಳಿಗೆ ಹೊಸ ಸಂವಿಧಾನಗಳು ತುರ್ತಾಗಿ ಬೇಕಾದವು. ಅವಕ್ಕೆ ಕಾನೂನು ಸಲಹೆ ನೀಡಲು, ಮಾನವ ಹಕ್ಕುಗಳಿಗಾಗಿ ದುಡಿಯುವ ಸಂಘಟನೆಯಾದ ಯುರೋಪ್ ಮಂಡಳಿಯ 18 ಸದಸ್ಯ ರಾಷ್ಟ್ರಗಳು 1990ರ ಮೇ 10ರಂದು 'ಕಾನೂನಿನ ಮೂಲಕ ಪ್ರಜಾಪ್ರಭುತ್ವಕ್ಕಾಗಿ ಯುರೋಪಿಯನ್ ಆಯೋಗ'ವನ್ನು ಸ್ಥಾಪಿಸಿದವು. ಸಭೆಗಳು ವೆನಿಸ್‌ನಲ್ಲಿ ನಡೆಯುವುದರಿಂದ ವೆನಿಸ್ ಆಯೋಗ ಎಂಬ ಹೆಸರೇ ಬಳಕೆಗೆ ಬಂತು; ಕಾರ್ಯಾಲಯ ಇರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಇಟಲಿಯ ಸಂವಿಧಾನ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಆಂಟೊನಿಯೊ ಲಾ ಪೆರ್ಗೊಲಾ ಇದರ ಮೊದಲ ಅಧ್ಯಕ್ಷರು.

ಆಯೋಗಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಒಂದು ದೇಶದ ಸರ್ಕಾರ, ಸಂಸತ್ತು ಅಥವಾ ಸಂವಿಧಾನ ನ್ಯಾಯಾಲಯ, ಇಲ್ಲವೇ ಯುರೋಪ್ ಮಂಡಳಿಯ ಅಂಗಸಂಸ್ಥೆ ಕೇಳಿಕೊಂಡಾಗ ಅದು ಮಸೂದೆಯನ್ನು ಓದಿ, ಆ ದೇಶಕ್ಕೆ ಭೇಟಿ ನೀಡಿ, ಎಲ್ಲ ಪಕ್ಷಗಳೊಡನೆ ಮಾತಾಡಿ ಲಿಖಿತ ಅಭಿಪ್ರಾಯ ಕೊಡುತ್ತದೆ. ಸದಸ್ಯರು ಸ್ವತಂತ್ರ ತಜ್ಞರಾಗಿ ಕೂರುತ್ತಾರೆ, ತಮ್ಮ ಸರ್ಕಾರಗಳ ಪರವಾಗಿ ವಾದಿಸುವುದಿಲ್ಲ. 2002ರಿಂದ ಯುರೋಪಿನಾಚೆಯ ದೇಶಗಳಿಗೂ ಸದಸ್ಯತ್ವ ತೆರೆಯಿತು. ದಕ್ಷಿಣ ಕೊರಿಯಾ, ಬ್ರೆಜಿಲ್, ಮೆಕ್ಸಿಕೊ, ಮೊರೊಕ್ಕೊ, ಅಮೆರಿಕ ಮುಂತಾದವು ಸೇರಿದವು.

ನ್ಯಾಯಾಲಯಗಳ ನಡುವಿನ ಕೊಡುಕೊಳೆ

ಸಂಸ್ಥೆಗಳು ಬಲಗೊಳ್ಳುವ ಮುನ್ನವೇ ವಿಚಾರಗಳು ಗಡಿ ದಾಟುತ್ತಿದ್ದವು. ಜರ್ಮನ್ ಸಂವಿಧಾನದ 79(3)ನೇ ವಿಧಿ ಕೆಲವು ಮೂಲತತ್ತ್ವಗಳನ್ನು ತಿದ್ದುಪಡಿಯಿಂದ ಹೊರಗಿಟ್ಟಿದೆ. ತಿದ್ದುಪಡಿಯ ಅಧಿಕಾರಕ್ಕೂ ಮಿತಿ ಇದೆ ಎಂದು ಜರ್ಮನ್ ವಿದ್ವಾಂಸ ಡೀಟರ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ವಾದಿಸಿದರು. ಕನ್ನಡನಾಡಿನ ಅಂಚಿನಲ್ಲಿರುವ ಕಾಸರಗೋಡಿನ ಎಡನೀರು ಮಠಾಧೀಶರಾಗಿದ್ದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಬದಲಿಸಲಾಗದು ಎಂಬ ಸಿದ್ಧಾಂತವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್ ಅವರ ಬರಹವನ್ನು ಉಲ್ಲೇಖಿಸಿದರು. 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟ್ ಇದೇ ಸಿದ್ಧಾಂತವನ್ನು ಸ್ವೀಕರಿಸಿತು.

ದಕ್ಷಿಣ ಆಫ್ರಿಕಾ ಈ ಕೊಡುಕೊಳೆಯನ್ನು ಸಂವಿಧಾನದಲ್ಲೇ ಬರೆದುಕೊಂಡಿತು. ಅದರ 1996ರ ಸಂವಿಧಾನದ 39ನೇ ಕಲಮಿನ ಪ್ರಕಾರ ಹಕ್ಕುಗಳನ್ನು ಅರ್ಥೈಸುವಾಗ ನ್ಯಾಯಾಲಯ ಅಂತರರಾಷ್ಟ್ರೀಯ ಕಾನೂನನ್ನು ಗಮನಿಸಲೇಬೇಕು, ವಿದೇಶಿ ಕಾನೂನನ್ನು ಗಮನಿಸಬಹುದು. ಮರಣದಂಡನೆಯನ್ನು ರದ್ದುಪಡಿಸಿದ 1995ರ ತೀರ್ಪಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹಂಗೇರಿ, ಅಮೆರಿಕ ಮತ್ತು ಭಾರತದ ತೀರ್ಪುಗಳನ್ನು ಚರ್ಚಿಸಿತ್ತು.

ಇಂಥ ಓದಿಗೆ ಅನುಕೂಲವಾಗಲೆಂದು ವೆನಿಸ್ ಆಯೋಗ ವಿವಿಧ ದೇಶಗಳ ಸಾಂವಿಧಾನಿಕ ತೀರ್ಪುಗಳನ್ನು ಸಂಗ್ರಹಿಸಿ 'ಕೋಡಿಸಿಸ್' ಎಂಬ ದತ್ತಸಂಚಯದಲ್ಲಿ ಇರಿಸಿದೆ. ಆಯೋಗದ ಬೆಂಬಲದಿಂದ ಸಾಂವಿಧಾನಿಕ ನ್ಯಾಯದ ವಿಶ್ವ ಸಮ್ಮೇಳನ 2009ರಲ್ಲಿ ಕೇಪ್‌ಟೌನ್‌ನಲ್ಲಿ ಮೊದಲ ಬಾರಿ ಸೇರಿತು. ಮುಂದೆ ರಿಯೊ ಡಿ ಜನೈರೊ (2011), ಸೋಲ್ (2014), ವಿಲ್ನಿಯಸ್ (2017), ಬಾಲಿ (2022) ಸಭೆಗಳು ನಡೆದವು. ಏಷ್ಯಾದ ಸಂವಿಧಾನ ನ್ಯಾಯಾಲಯಗಳು 2010ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡವು.

ದ್ವೇಷ ಅಪರಾಧದ ವಿರುದ್ಧ ಒಪ್ಪಂದಗಳು

1959ರ ಕೊನೆಯಲ್ಲಿ ಪಶ್ಚಿಮ ಜರ್ಮನಿಯ ಕಲೋನ್ ನಗರದ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗೆ ನಾಜಿ ಚಿಹ್ನೆಯಾದ ಸ್ವಸ್ತಿಕವನ್ನು ಬಳಿಯಲಾಯಿತು. ಇಂಥ ಕೃತ್ಯಗಳು ಬೇಗನೆ ಹಲವು ದೇಶಗಳಿಗೆ ಹಬ್ಬಿದವು. ಇದರ ಪ್ರತಿಕ್ರಿಯೆಯಾಗಿ ವಿಶ್ವಸಂಸ್ಥೆಯಲ್ಲಿ ಆರಂಭವಾದ ಚರ್ಚೆ 1965ರ ಡಿಸೆಂಬರ್‌ನಲ್ಲಿ ಜನಾಂಗೀಯ ತಾರತಮ್ಯ ನಿರ್ಮೂಲನ ಒಡಂಬಡಿಕೆಯಾಗಿ ಫಲಿಸಿತು. ಜನಾಂಗೀಯ ಹಿಂಸೆಯನ್ನೂ ಅದಕ್ಕೆ ನೀಡುವ ಪ್ರಚೋದನೆಯನ್ನೂ ಶಿಕ್ಷಾರ್ಹಗೊಳಿಸಬೇಕೆಂದು ಅದರ 4ನೇ ವಿಧಿ ಹೇಳುತ್ತದೆ. ಭಾರತ 1968ರಲ್ಲಿ ಇದನ್ನು ಅನುಮೋದಿಸಿತು.

1992ರಲ್ಲಿ ಜರ್ಮನಿಯ ರೋಸ್ಟಾಕ್ ಮತ್ತು ಮ್ಯೋಲ್ನ್‌ನಲ್ಲಿ ವಲಸಿಗರ ಮೇಲೆ ದಾಳಿಗಳಾದವು. 1993ರ ಮೇ ತಿಂಗಳಲ್ಲಿ ಸೋಲಿಂಗೆನ್‌ನಲ್ಲಿ ಟರ್ಕಿ ಮೂಲದ ಕುಟುಂಬವೊಂದರ ಮನೆಗೆ ಬೆಂಕಿಯಿಟ್ಟಾಗ ಐವರು ಸತ್ತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಸೇರಿದ ಯುರೋಪ್ ಮಂಡಳಿಯ ಶೃಂಗಸಭೆ ಜನಾಂಗವಾದ ಮತ್ತು ಅಸಹನೆಯ ವಿರುದ್ಧ ಒಂದು ಆಯೋಗವನ್ನು ನೇಮಿಸಲು ತೀರ್ಮಾನಿಸಿತು. ಈ ಆಯೋಗ ಸದಸ್ಯ ದೇಶಗಳನ್ನು ಸರದಿಯಂತೆ ಪರಿಶೀಲಿಸಿ ವರದಿ ಪ್ರಕಟಿಸುತ್ತದೆ.

ಬ್ರಿಟನ್ನಿನಲ್ಲಿ 1993ರಲ್ಲಿ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಕೊಲೆಯಾದ ಪ್ರಕರಣದ ತನಿಖೆ ಹಳಿ ತಪ್ಪಿತ್ತು. ಲಂಡನ್ ಪೊಲೀಸ್ ವ್ಯವಸ್ಥೆಯಲ್ಲೇ ಜನಾಂಗವಾದ ಬೇರೂರಿದೆ ಎಂದು 1999ರ ಮ್ಯಾಕ್‌ಫರ್ಸನ್ ವರದಿ ಹೇಳಿತು. ತಾನು ಜನಾಂಗದ ಕಾರಣಕ್ಕೆ ಗುರಿಯಾದೆನೆಂದು ಸಂತ್ರಸ್ತ ಭಾವಿಸಿದರೆ ಘಟನೆಯನ್ನು ಹಾಗೆಯೇ ದಾಖಲಿಸಬೇಕೆಂಬ ಅದರ ಶಿಫಾರಸು ಮುಂದೆ ಇತರ ದೇಶಗಳ ಚರ್ಚೆಗಳಿಗೂ ಆಧಾರವಾಯಿತು.

ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ 2009ರಲ್ಲಿ ಅಥೆನ್ಸ್‌ನಲ್ಲಿ ದ್ವೇಷ ಅಪರಾಧದ ಬಗ್ಗೆಯೇ ಒಂದು ನಿರ್ಣಯ ಕೈಗೊಂಡಿತು. ವಾರ್ಸಾದಲ್ಲಿರುವ ಅದರ ಕಚೇರಿ ಪ್ರತಿವರ್ಷ ಅಂಕಿ-ಅಂಶ ಪ್ರಕಟಿಸುತ್ತದೆ, ಪೊಲೀಸರಿಗೂ ಪ್ರಾಸಿಕ್ಯೂಟರ್‌ಗಳಿಗೂ ತರಬೇತಿ ಕೊಡುತ್ತದೆ. ಅದರ ವ್ಯಾಖ್ಯೆಯಲ್ಲಿ ಎರಡು ಅಂಶಗಳಿವೆ: ಕೃತ್ಯ ಈಗಾಗಲೇ ಅಪರಾಧವಾಗಿರಬೇಕು, ಅದರ ಹಿಂದೆ ಪೂರ್ವಗ್ರಹ ಇರಬೇಕು. ಹೀಗಾಗಿ ದ್ವೇಷ ಭಾಷಣ ಬೇರೆಯೇ ಪ್ರಶ್ನೆಯಾಗಿ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟ 2008ರಲ್ಲಿ ಜನಾಂಗದ್ವೇಷದ ಉದ್ದೇಶವನ್ನು ಶಿಕ್ಷೆಯ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಸದಸ್ಯರಿಗೆ ವಿಧಿಸಿತು.

ಎರಡು ಧಾರೆಗಳು ಕೂಡಿದ್ದು

ಯುರೋಪ್ ಮಂಡಳಿಗೆ ಸೇರಿದ, ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಹಕ್ಕುಗಳ ರಕ್ಷಣೆ ಮತ್ತು ಅಪರಾಧ ತನಿಖೆ ಸಂಧಿಸಿದವು. 1996ರಲ್ಲಿ ಬಲ್ಗೇರಿಯಾದ ಮಿಲಿಟರಿ ಪೊಲೀಸರು ನಿರಾಯುಧರಾದ ಇಬ್ಬರು ರೋಮಾ ಸಮುದಾಯದ ಯುವಕರನ್ನು ಗುಂಡಿಟ್ಟು ಕೊಂದಿದ್ದರು. ನಾಚೋವಾ ಪ್ರಕರಣದಲ್ಲಿ (2005) ನ್ಯಾಯಾಲಯದ ಮಹಾಪೀಠ ಕೊಲೆಯ ಹಿಂದೆ ಜನಾಂಗದ್ವೇಷವಿತ್ತೆಂದು ಸಾಬೀತಾಗಿಲ್ಲ ಎಂದಿತು. ಆದರೆ ಇತ್ತೇ ಎಂದು ತನಿಖೆ ಮಾಡದಿದ್ದುದೇ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತಿತು. ಉದ್ದೇಶವನ್ನು ಹುಡುಕುವುದು ಅಂದಿನಿಂದ ಸರ್ಕಾರದ ಹೊಣೆಯಾಯಿತು. 2012ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆಯ ಮೇಲೆ ನಡೆದ ದಾಳಿಗೆ ಸಂಬಂಧಿಸಿದ ಐಡೆಂಟೋಬಾ ತೀರ್ಪು (2015) ಇದೇ ಹೊಣೆಯನ್ನು ಇನ್ನಷ್ಟು ವಿಸ್ತರಿಸಿತು.

ಮಿತಿಗಳು

ಸಲಹೆ ಎಷ್ಟೇ ಖಚಿತವಿದ್ದರೂ ಅದನ್ನು ಜಾರಿಗೊಳಿಸಬೇಕಾದುದು ಆಯಾ ದೇಶದ ಆಡಳಿತವೇ. 2016ರ ಮಾರ್ಚ್‌ನಲ್ಲಿ ಪೋಲೆಂಡಿನ ಸಂವಿಧಾನ ನ್ಯಾಯಮಂಡಳಿ ತನ್ನ ಕೆಲಸಕ್ಕೆ ಕಡಿವಾಣ ಹಾಕಿದ ಕಾನೂನನ್ನು ರದ್ದುಗೊಳಿಸಿತು. ಸರ್ಕಾರ ತೀರ್ಪನ್ನು ಪ್ರಕಟಿಸಲೇ ಒಪ್ಪಲಿಲ್ಲ. ತಾನೇ ಕೇಳಿ ಪಡೆದ ವೆನಿಸ್ ಆಯೋಗದ ಟೀಕೆಗೂ ಮಣಿಯಲಿಲ್ಲ. 2022ರಲ್ಲಿ ರಷ್ಯಾ ಯುರೋಪ್ ಮಂಡಳಿಯಿಂದ ಹೊರಬಿದ್ದು, ಅಲ್ಲಿನ ನಾಗರಿಕರಿಗೆ ಸ್ಟ್ರಾಸ್‌ಬರ್ಗ್ ನ್ಯಾಯಾಲಯದ ಬಾಗಿಲು ಮುಚ್ಚಿತು.

ದ್ವೇಷ ಅಪರಾಧದ ಅಂಕಿಗಳಿಗೂ ಇಂಥದೇ ತೊಡಕಿದೆ. ಸಂತ್ರಸ್ತರಲ್ಲಿ ಅನೇಕರು ಪೊಲೀಸ್ ಠಾಣೆಗೆ ಹೋಗುವುದೇ ಇಲ್ಲ. ದೇಶದಿಂದ ದೇಶಕ್ಕೆ ಎಣಿಕೆಯ ಕ್ರಮವೂ ಬೇರೆ. ಆದ್ದರಿಂದ ಹೆಚ್ಚು ಪ್ರಕರಣ ತೋರಿಸುವ ದೇಶದಲ್ಲಿ ದ್ವೇಷ ಹೆಚ್ಚು ಎಂದು ಹೇಳಲಾಗದು. ಅಲ್ಲಿ ದೂರನ್ನು ಸರಿಯಾಗಿ ಬರೆದುಕೊಳ್ಳುತ್ತಿರಬಹುದು. ಯುರೋಪ್ ಮಂಡಳಿಯ ಸಚಿವರ ಸಮಿತಿ 2024ರ ಮೇ ತಿಂಗಳಲ್ಲಿ ಹೊರಡಿಸಿದ ಶಿಫಾರಸು ಸಂತ್ರಸ್ತರಿಗೆ ನೆರವು, ದೂರು ದಾಖಲು, ಪೊಲೀಸ್ ತರಬೇತಿ ಮತ್ತು ಅಂಕಿ ಸಂಗ್ರಹಕ್ಕೆ ಒತ್ತು ನೀಡಿದೆ. ಅದನ್ನು ಪಾಲಿಸುವುದು ಬಿಡುವುದು ಸದಸ್ಯ ದೇಶಗಳಿಗೆ ಬಿಟ್ಟ ವಿಷಯ.